ನಡುಮನೆಯ ಖಾಲಿ ಕೋಣೆ

ಹೊದಿಕೆ ಮಡಚಿಡುವುದಕ್ಕೇ ಜಾಗವಿಲ್ಲದ ಮನೆಯಲ್ಲಿ ನಟ್ಟನಡುವೆ ಒಂದು ಕೋಣೆಯನ್ನು ಖಾಲಿ ಬಿಡುತ್ತಾರೆಂದರೆ ನೀವು ನಂಬುತ್ತೀರಾ? ನಾನಂತೂ ನಂಬಲಿಲ್ಲ. ಮನೆ ಕಟ್ಟಿಸುವವರಿಗೆ ನಕ್ಷೆ ಬರೆದುಕೊಡುವ ನನ್ನ ಮಗ, ಬಂಗಾರದಂಥವನು (ನಗಬೇಡ ಮೊಮ್ಮಗಳೇ, ನಾನು ಹೇಳಿದ ಹಾಗೇ ಬರೆದುಕೋ, ನಿನ್ನಪ್ಪನ ಮಾತೇ ಇದು), ಉಗ್ರಾಣ ಒಡೆದು ಈ ಕೋಣೆ ಮಾಡಿದ. ಕುರ್ಚಿ ಇಲ್ಲ, ಕಿಟಕಿ ಇಲ್ಲ, ಗೋಡೆಗೊಂದು ಮೊಳೆಯೂ ಇಲ್ಲ. ಮೇಲೊಂದು ಬೆಳಕಿಂಡಿ. ಬಾಗಿಲೋ, ನನ್ನ ಸೊಂಟದೆತ್ತರ!

"ಇದೇನೋ, ಬೆಕ್ಕಿಗೆ ಮಾಡ್ಸಿದ್ಯಾ?"

"ಬಗ್ಗಿ ಹೋಗ್ಬೇಕಮ್ಮ. ಬಗ್ಗಿದ್ರೆ ಅಹಂಕಾರ ಹೊರಗೇ ಉಳಿಯುತ್ತೆ. ಪೂರ್ವದೇಶದ ಹಿರಿಯರ ಚಿಂತನೆ ಇದು. ಮನೆ ಅಂದ್ರೆ ಗೋಡೆ ಅಲ್ಲ, ಗೋಡೆಗಳ ನಡುವಿನ ಬಯಲು. ಅಲ್ಲಿ ಸುಮ್ನೆ ಕೂತ್ರೆ ಅರಿವು ಮೂಡುತ್ತೆ."

"ಅದು ಮೂಡೋ ಮುಂಚೆ ನನ್ನ ಬೆನ್ನು ಮುರಿಯುತ್ತೆ!"

ಅಂದಿನಿಂದ ದಿನಾ ಸಂಜೆ ಮಗ, ಸೊಸೆ ಇಬ್ಬರೂ ಒಳಗೆ ನುಸುಳುವರು. ಅರ್ಧ ಗಂಟೆ ಉಸಿರಿಲ್ಲ. ಆಮೇಲೆ ಮುಖ ಅರಳಿಸಿಕೊಂಡು ಹೊರಬರುವರು. ಖಾಲಿ ಕೋಣೆಯಿಂದ ಯಾರಾದರೂ ಅಷ್ಟು ಖುಷಿಯಾಗಿ ಬರುತ್ತಾರೆಯೇ? ನನ್ನ ಮಂಡಿಯ ಅವಸ್ಥೆ ಗೊತ್ತಿದ್ದೇ ಆ ಬಾಗಿಲು ಇಟ್ಟಿದ್ದಾರೆ! ನನ್ನನ್ನು ಕಿರಿಮಗನ ಮನೆಗೆ ಸಾಗಹಾಕುವ ಗುಪ್ತ ಮಂತ್ರಾಲೋಚನೆ ಒಳಗೆ ನಡೆಯುತ್ತಿದೆ, ಸಂಶಯವೇ ಇಲ್ಲ. (ಕಿರಿಮಗ ಒಳ್ಳೆಯವನೇ. ಆದರೆ ಅಲ್ಲಿ ಹಗಲೆಲ್ಲ ಮಾತಿಗೊಂದು ನರಪಿಳ್ಳೆಯಿಲ್ಲ. ನಾನು ಬದುಕುವುದು ಹೇಗೆ?)

ನಿನ್ನೆ ಇಬ್ಬರೂ ಅಂಗಡಿಗೆ ಹೋದದ್ದೇ ತಡ, ತನಿಖೆಗೆ ಇಳಿದೆ. ತಲೆ ಬಗ್ಗಿಸಿ, ಸೊಂಟ ಬಗ್ಗಿಸಿ, ಕೊನೆಗೆ ಅಂಬೆಗಾಲಿಟ್ಟು ಒಳಹೊಕ್ಕೆ. ಗೋಡೆ ತಟ್ಟಿದೆ, ನೆಲ ಸವರಿದೆ. ಒಂದು ಕಾಗದದ ಚೂರೂ ಇಲ್ಲ. ಹೊರಡೋಣವೆಂದರೆ ಮಂಡಿ ಹಿಡಿದುಕೊಂಡುಬಿಟ್ಟಿತು. ಅಷ್ಟರಲ್ಲಿ ಅವರು ಬಂದೇಬಿಟ್ಟರು. ಕಳ್ಳಿಯ ಹಾಗೆ ಸಿಕ್ಕಿಬೀಳುವುದೇ? ಗೋಡೆಗೊರಗಿ, ಕಣ್ಣು ಮುಚ್ಚಿ, ಮಹಾಯೋಗಿನಿಯಾಗಿ ಕೂತೆ. ಕಿವಿ ಮಾತ್ರ ಬಾಗಿಲಲ್ಲಿತ್ತು.

"ರೀ, ಅತ್ತೆ ಒಳಗೆ ಕೂತಿದ್ದಾರೆ!" ಸೊಸೆಯ ಪಿಸುದನಿ.

ಬಾಗಿಲಿಂದ ಹಿಂದೆ ಸರಿದು ಅವಳೇ ಮುಂದುವರಿಸಿದಳು:

"ಎಷ್ಟು ನೆಮ್ಮದಿ ಅಲ್ವಾ? ಇವರ ಮಾತಿಂದ ಅರ್ಧ ಗಂಟೆ ತಪ್ಪಿಸ್ಕೊಳ್ಳೋಕೆ ನಾವಿಬ್ರೂ ಬಗ್ಗಿ ಬಗ್ಗಿ ಒಳಗೆ ಹೋಗ್ತಿದ್ವಿ. ಇವರೊಬ್ರು ಒಳಗೆ ಕೂತ್ರೆ ಇಡೀ ಮನೇನೇ ಧ್ಯಾನದ ಕೋಣೆ!"

"ಹಾಗಾದ್ರೆ ಅಮ್ಮನಿಗೆ ಒಂದು ದಿಂಬು ಹಾಕ್ಕೊಡೋಣ. ದಿನಾ ಎರಡು ಹೊತ್ತು ಕೂರ್ಲಿ."

ಸದ್ಯ, ನನ್ನನ್ನೆಲ್ಲೂ ಸಾಗಿಸುವುದಿಲ್ಲವೆಂದು ಸಮಾಧಾನಪಡಲೇ, ಈ ಅವಮಾನಕ್ಕೆ ಕಿರುಚಲೇ? ಬಾಯಿ ತೆರೆದೆ. ಆಯುಷ್ಯದಲ್ಲೇ ಮೊದಲ ಸಲ ಉತ್ತರ ಹೊಳೆಯಲಿಲ್ಲ.

ಮಗ ಬಾಗಿಲಲ್ಲಿ ತಲೆ ತೂರಿಸಿದವನೇ ಹೆಂಡತಿಯನ್ನು ಕೂಗಿದ:

"ಬೇಗ ಬಾರೇ, ನೋಡು! ಅಮ್ಮ ಬಾಯಿ ತೆರೆದ್ರೂ ಮಾತು ಬರ್ತಿಲ್ಲ. ನನ್ನ ಕೋಣೆ ಕೆಲಸ ಮಾಡ್ತಿದೆ!"