ಜಗಳ ಹುಟ್ಟದ ಬರವಣಿಗೆ

ಸುಮ್ಮನೆ ಕೂಡುವ ವಿದ್ಯೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಆ ಪೈಕಿ. ಹತ್ತಿ ಮಿಲ್ಲಿನಿಂದ ಬಂದು, ಕಾಲು ತೊಳೆದು ಕುರ್ಚಿಯಲ್ಲಿ ಕೂತರೆಂದರೆ ಊಟಕ್ಕೆ ಕರೆಯುವ ತನಕ ಫ್ಯಾನು ಬೇಕಾದರೆ ಅಲುಗಾಡೀತು, ಅವರು ಅಲುಗಾಡುವುದಿಲ್ಲ. ನನಗೆ ಆ ವಿದ್ಯೆ ಒಲಿಯಲೇ ಇಲ್ಲ. ಕೂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ರೊಟ್ಟಿ ಬಡಿಯುವಾಗ ಬಸ್ಸು ತಪ್ಪೀತೆಂಬ ಚಿಂತೆ, ಬಸ್ಸಿನಲ್ಲಿ ಕೂತ ಮೇಲೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ. ಯಾವ ಚಿಂತೆಯೂ ಸಿಗದ ದಿನ, ಏಕೆ ಸಿಗಲಿಲ್ಲ ಎಂಬುದೇ ಒಂದು ಚಿಂತೆ. “ನಿನ್ನ ಕಾಲಾಗ ಚಕ್ರ ಅದಾವ, ತಲ್ಯಾಗ ಗಿರಣಿ ಅದ,” ಎಂದು ಅವರು ಕೂತಲ್ಲಿಂದಲೇ ಹೇಳುತ್ತಾರೆ. ಅಷ್ಟು ಹೇಳುವುದಕ್ಕಾದರೂ ಎದ್ದು ಬರಬಾರದೇ ಎಂದು ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಇಂಥ ನಾನು, ನಲವತ್ತು ದಾಟಿದ ಮೇಲೆ, ಮನೆಯಲ್ಲೇ ಕೂತು ಫೋನಿನಲ್ಲಿ ಕಲಿಯುವ ಚಿತ್ರಕಥೆಯ ಕೋರ್ಸಿಗೆ ಅರ್ಜಿ ಹಾಕುತ್ತೇನೆಂದಾಗ ಅವರು ನಕ್ಕದ್ದು ಸಹಜವೇ. ಸಿನಿಮಾ ಎಂದದ್ದಕ್ಕಲ್ಲ, ಕೂತು ಎಂದದ್ದಕ್ಕೆ.

ಹಾಗೆ ನೋಡಿದರೆ ನನ್ನ ಉದ್ಯೋಗವೂ ಬರವಣಿಗೆಯದೇ. ಮನೆ ರಾಯಚೂರಿನಲ್ಲಿ, ಕೆಲಸ ಮಾನ್ವಿಯಲ್ಲಿ. ಅಲ್ಲಿ ನೋಂದಣಿ ಕಚೇರಿಯ ಎದುರಿಗಿರುವ ಖಾಸಿಂ ಸಾಬರ ಅಂಗಡಿಯಲ್ಲಿ ನಾನು ಪತ್ರ ಬರೆಯುತ್ತೇನೆ. ಪತ್ರವೆಂದರೆ ಕ್ಷೇಮ ಸಮಾಚಾರದ ಪತ್ರವಲ್ಲ. ಖರೀದಿ ಪತ್ರ, ಪಾಲು ಪತ್ರ, ಹಕ್ಕು ಬಿಡುಗಡೆ ಪತ್ರ. ಮೊದಲು ಸಾಬರೇ ಕೈಯಿಂದ ಬರೆಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅವರು ಹೇಳುವುದು, ನಾನು ಟೈಪು ಹೊಡೆಯುವುದು ಎಂದಾಯಿತು. ಈಗೀಗ ಹೇಳುವುದೂ ನಾನೇ, ಹೊಡೆಯುವುದೂ ನಾನೇ. ಸಾಬರು ಚಹಾ ತರಿಸುತ್ತಾರೆ. ಬರೆದಾದ ಮೇಲೆ ಎರಡೂ ಕಡೆಯವರನ್ನು ಎದುರಿಗೆ ಕೂಡಿಸಿ ಗಟ್ಟಿಯಾಗಿ ಓದಿ ಹೇಳುವುದು ನಮ್ಮ ಅಂಗಡಿಯ ರೂಢಿ. ಓದುವಾಗ ಯಾರ ಹುಬ್ಬು ಮೇಲೇರಿತೋ ಅಲ್ಲಿ ನಿಲ್ಲಿಸಿ, ಆ ಹುಬ್ಬು ಇಳಿಯುವ ತನಕ ಮಾತು ತಿದ್ದಬೇಕು. “ನೋಡವಾ ನೀಲಮ್ಮಾ,” ಎಂದು ಸಾಬರು ನಾನು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು, “ನಾವು ಬರದಿದ್ದು ಕೇಳಿ ಮಂದಿಗಿ ನಿದ್ದಿ ಬರಬೇಕು. ಸಿಟ್ಟು ಬಂತಂದ್ರ ಅದು ಪತ್ರ ಅಲ್ಲ, ಝಗಡಾ.” ಆ ಪಾಠ ನನಗೆ ಚೆನ್ನಾಗಿಯೇ ಮೈಗೂಡಿತು. ಎಷ್ಟು ಎಂದರೆ, ಮನೆಯಲ್ಲಿ ಕಿರಾಣಿ ಸಾಮಾನಿನ ಚೀಟಿ ಬರೆದರೂ ಕೊನೆಯಲ್ಲಿ ‘ಸದರಿ ಸಾಮಾನುಗಳನ್ನು’ ಎಂದು ಶುರುವಾಗಿಬಿಡುತ್ತದೆ.

ಚಿತ್ರಕಥೆಯ ಹುಚ್ಚು ಹತ್ತಿದ್ದು ಬಸ್ಸಿನಲ್ಲಿ. ನಮ್ಮ ಕಡೆಯ ಮಂದಿ ಬಸ್ಸಿನಲ್ಲಿ ಗುಟ್ಟು ಮಾತಾಡುವುದೆಂದರೆ ಡ್ರೈವರಿಗೂ ಕೇಳಿಸುವ ಹಾಗೆ ಮಾತಾಡುತ್ತಾರೆ. ಆದರೆ ಕಥೆ ಮುಗಿಯುವ ಮೊದಲೇ ಕಲ್ಮಲದಲ್ಲಿ ಇಳಿದುಬಿಡುತ್ತಾರೆ. ಮುಂದಿನ ಸೀಟಿನ ಹೆಂಗಸು “ಅವತ್ತಿಂದ ಅವರ ಮನಿ ನೀರು ಮುಟ್ಟಿಲ್ಲ ನೋಡ ನಾ” ಎಂದು ಹೇಳಿ ಚೀಲ ಎತ್ತಿಕೊಂಡು ಹೋದರೆ, ಏಕೆ ಮುಟ್ಟಲಿಲ್ಲ ಎಂಬುದನ್ನು ಮಾನ್ವಿ ಮುಟ್ಟುವ ತನಕ ನಾನೇ ಕಟ್ಟಿಕೊಳ್ಳಬೇಕು. ಕಲ್ಮಲದ ಹತ್ತಿರ ದಾರಿ ಎರಡಾಗುತ್ತದೆ. ಒಂದು ಮಾನ್ವಿಗೆ, ಇನ್ನೊಂದು ನನ್ನ ತವರೂರಾದ ದೇವದುರ್ಗಕ್ಕೆ. ದಿನಾ ಮುಂಜಾನೆ ನಮ್ಮ ಬಸ್ಸು ಮಾನ್ವಿಯ ಕಡೆ ಹೊರಳುವಾಗ ನನ್ನ ಕುತ್ತಿಗೆ ಮಾತ್ರ ದೇವದುರ್ಗದ ಕಡೆ ಹೊರಳುತ್ತಿತ್ತು. ಆ ಕಡೆ ಹೋಗದೆ ಬಹಳ ದಿನವಾಗಿತ್ತು. ಆ ಕಥೆಯನ್ನು ಮಾತ್ರ ನಾನು ಮನಸ್ಸಿನಲ್ಲಿ ಕೂಡ ಕಟ್ಟುತ್ತಿರಲಿಲ್ಲ. ಹೀಗೆ ಒಂದು ದಿನ ಬಸ್ಸಿನಲ್ಲಿ ಫೋನು ತಿಕ್ಕುತ್ತಾ ಕೂತಿದ್ದಾಗ, ಒಂದು ವಿಶ್ವವಿದ್ಯಾಲಯದ ಜಾಹೀರಾತು ಕಂಡಿತು: ಮನೆಯಿಂದಲೇ ಚಿತ್ರಕಥೆ ಕಲಿಯಿರಿ, ಕನ್ನಡದಲ್ಲೂ ಬರೆಯಬಹುದು, ವಯಸ್ಸಿನ ನಿರ್ಬಂಧವಿಲ್ಲ. ವಯಸ್ಸಿನ ನಿರ್ಬಂಧವಿಲ್ಲ ಎಂದು ಓದಿದ ಕೂಡಲೇ ಅದನ್ನು ನನಗಾಗಿಯೇ ಬರೆದಿದ್ದಾರೆ ಅನ್ನಿಸಿತು.

ಅರ್ಜಿಯ ಜೊತೆ ಒಂದು ದೃಶ್ಯ ಬರೆದು ಕಳಿಸಬೇಕಿತ್ತು. ನಾನು ಕಳ್ಳತನದ ದೃಶ್ಯವನ್ನೇ ಆರಿಸಿಕೊಂಡೆ. ಅದರಲ್ಲಾದರೆ ರೋಮಾಂಚನ ತಾನಾಗಿಯೇ ಬರುತ್ತದೆ ಎಂದು. ಬರೆದು ಮುಗಿಸಿ, ರೂಢಿಯಂತೆ ಮನೆಯವರನ್ನು ಎದುರಿಗೆ ಕೂಡಿಸಿ (ಅವರು ಕೂತೇ ಇದ್ದರು) ಗಟ್ಟಿಯಾಗಿ ಓದಿದೆ. “ಪೂರ್ವಕ್ಕೆ ಸಾರ್ವಜನಿಕ ರಸ್ತೆ, ಪಶ್ಚಿಮಕ್ಕೆ ಬಸಣ್ಣನ ದನದ ಕೊಟ್ಟಿಗೆ, ಉತ್ತರಕ್ಕೆ ಖುಲ್ಲಾ ಜಾಗ, ದಕ್ಷಿಣಕ್ಕೆ ಚರಂಡಿ, ಇವುಗಳ ಮಧ್ಯೆ ಇರುವ ಸದರಿ ಮನೆಯೊಳಗೆ ಕಳ್ಳನು ತನ್ನ ಸ್ವಂತ ಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ಪ್ರವೇಶಿಸುತ್ತಾನೆ.” ಮುಂದೆ ಮನೆಯ ಒಡತಿ ಎಚ್ಚರಾಗುತ್ತಾಳೆ. ಇಬ್ಬರೂ ಕೂತು ಮಾತಾಡುತ್ತಾರೆ. ಬೆಳ್ಳಿ ತಟ್ಟೆ ಅವಳಿಗೆ, ಹಿತ್ತಾಳೆ ಕೊಡ ಅವನಿಗೆ ಎಂದು ತೀರ್ಮಾನವಾಗಿ, ಮುಂದೆ ಯಾವ ತಂಟೆ ತಕರಾರೂ ಮಾಡುವುದಿಲ್ಲ ಎಂದು ಇಬ್ಬರೂ ಮಾತು ಕೊಡುತ್ತಾರೆ. ನಾನು ಕಣ್ಣೆತ್ತಿ ಮನೆಯವರ ಹುಬ್ಬು ನೋಡಿದೆ. ಹುಬ್ಬು ಶಾಂತವಾಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಗೊರಕೆ ಶುರುವಾಗಿತ್ತು. ಸಾಬರ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಮೆಚ್ಚುಗೆಯಿಲ್ಲ. ನಾನು ಹಿಗ್ಗಿ ಕಳಿಸಿಯೇಬಿಟ್ಟೆ.

ನನ್ನ ಬರವಣಿಗೆ ಬಲ್ಲವರೊಬ್ಬರ ಶಿಫಾರಸೂ ಬೇಕಾಗಿತ್ತು. ಸಾಬರಿಗೆ ಹೇಳಿದೆ. “ಅರೆ, ಸಿನಿಮಾ ಬರೀತಿಯೇನವಾ? ಭಾಳ ಛಲೋ ಆತು. ಹೀರೋಯಿನ್‌ಗಿ ನಮ್ಮ ಅಂಗಡಿ ಮುಂದ ಒಂದ್ ಸಲ ಹಾಯ್ಕೊಂಡು ಹೋಗಾಕ ಹೇಳು,” ಎಂದರು. ಆಮೇಲೆ ಕನ್ನಡಕ ಒರೆಸಿ, ಎಷ್ಟೋ ದಿನದ ಮೇಲೆ ತಾವೇ ಪೆನ್ನು ಹಿಡಿದು ಬರೆದರು: “ಇವರು ನನ್ನ ಅಂಗಡಿಯಲ್ಲಿ ಬರೆದ ಯಾವುದರಿಂದಲೂ ಇಂದಿನವರೆಗೆ ಒಂದೇ ಒಂದು ಜಗಳ ಹುಟ್ಟಿರುವುದಿಲ್ಲ. ಮುಂದೆಯೂ ಹುಟ್ಟುವುದಿಲ್ಲವೆಂದು ಖಾತ್ರಿ ಕೊಡುತ್ತೇನೆ.” ಕೆಳಗೆ ಸಹಿ, ಸಹಿಯ ಮೇಲೆ ಅಂಗಡಿಯ ಮೊಹರಿನ ಗುಂಡು ಶಿಕ್ಕೆ. ಓದಿ ನನ್ನ ಕಣ್ಣು ತುಂಬಿತು. ಅದನ್ನೂ ಕಳಿಸಿದೆ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಫೋನು ಗುಂಯ್ ಎಂದರೆ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆ. ನೋಡಿದರೆ ಗ್ಯಾಸ್ ಕಂಪನಿಯದು. ಒಬ್ಬರ ಖರೀದಿ ಪತ್ರದಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಒಂದೇ ಹಳ್ಳ ಹರಿಸಿಬಿಟ್ಟೆ. ಕೊನೆಗೆ ಸಂದರ್ಶನಕ್ಕೆ ಕರೆ ಬಂತು. ಬಿರುಬಿಸಿಲಿನ ಮಧ್ಯಾಹ್ನ, ಗೋಧಿ ಡಬ್ಬಿಗೆ ಫೋನು ಆನಿಸಿಟ್ಟು ಕೂತೆ. ತೆರೆಯ ಮೇಲೆ ಬಂದ ಮೇಡಂ ನನ್ನದೇ ವಯಸ್ಸಿನವರು. ಸಾಬರ ಶಿಫಾರಸನ್ನು ಓದಿ ಬಹಳ ಹೊತ್ತು ನಕ್ಕರು. ಆಮೇಲೆ ಪಾಪ, ಅವರೇ ಕ್ಷಮೆ ಕೇಳಿದರು. “ನೋಡಿ ನೀಲಮ್ಮನವರೆ, ನಿಮ್ಮ ಕಳ್ಳ ಎಷ್ಟು ಒಳ್ಳೆಯವನೆಂದರೆ ಊರಿಗೆ ಹೋಗುವಾಗ ನಮ್ಮ ಮನೆ ಕೀಲಿ ಅವನಿಗೇ ಕೊಟ್ಟು ಹೋಗಬಹುದು. ಆದರೆ ಚಿತ್ರಕಥೆಗೆ ಜಗಳವೇ ಜೀವ. ಒಬ್ಬರಿಗೆ ಏನೋ ಬೇಕು, ಇನ್ನೊಬ್ಬರು ಕೊಡುತ್ತಿಲ್ಲ. ನಿಮ್ಮ ಬದುಕಿನಲ್ಲಿ ಒಮ್ಮೆಯೂ ತಕರಾರು ಮಾಡಬೇಕು ಅನ್ನಿಸಿಲ್ಲವೇ?” ಎಂದರು. ಇಲ್ಲ ಎಂದೆ. ಹೇಳುವಾಗ ನನ್ನ ಕುತ್ತಿಗೆ, ಕಲ್ಮಲದ ಹತ್ತಿರ ಹೊರಳುವ ಹಾಗೆ, ಒಂದು ಕಡೆ ಹೊರಳಿತು. ಅದನ್ನು ಆ ಮೇಡಂ ಏನೆಂದು ತಿಳಿದರೋ, “ಈಗ ಏನೋ ನೆನಪಾಯಿತಲ್ಲ, ಅದನ್ನೇ ಬರೆದು ಕಳಿಸಿ, ಇನ್ನೊಂದು ಅವಕಾಶ ಕೊಡುತ್ತೇವೆ. ನಿಜವಾದ ಮಂದಿಯ ಕಥೆಯಾದರೆ ಅವರ ಲಿಖಿತ ಒಪ್ಪಿಗೆಯೂ ಬೇಕು,” ಎಂದರು.

ದೇವದುರ್ಗದ ಸಂಗತಿ ಇಷ್ಟೇ. ಅಪ್ಪ ಹೋದ ಮೇಲೆ ಮನೆ ತಮ್ಮ ಶರಣಪ್ಪನ ಹೆಸರಿಗಾಗಬೇಕಿತ್ತು. ನಮ್ಮ ಕಡೆ ಹೆಣ್ಣುಮಕ್ಕಳು ಹಕ್ಕು ಬಿಟ್ಟು ಸಹಿ ಹಾಕುವುದು, ಅಣ್ಣತಮ್ಮಂದಿರು ಒಂದು ಸೀರೆ ಉಡಿಸಿ ಕಳಿಸುವುದು ನಡೆದು ಬಂದದ್ದೇ. ಅಂಥ ಪತ್ರಗಳನ್ನು ನಾನು ಕಣ್ಣು ಮುಚ್ಚಿ ಟೈಪು ಹೊಡೆಯಬಲ್ಲೆ. “ಹೊರಗಿನವರ ಕೈಲೆ ಯಾಕ ಬರಸೋದಕ್ಕಾ? ನೀನೇ ಬರಿ, ನೀ ಚಲೋ ಬರೀತಿ,” ಎಂದ ತಮ್ಮ. ನನ್ನ ಹಕ್ಕನ್ನು ನಾನೇ ಬಿಟ್ಟು ಬರೆದೆ: ‘ನನ್ನ ಸ್ವಂತ ಖುಷಿಯಿಂದ.’ ರೂಢಿಯಂತೆ ನಾನೇ ಓದಿಯೂ ಹೇಳಿದೆ. ಎಲ್ಲರ ಹುಬ್ಬೂ ಸರಿಯಾಗಿದ್ದವು. ಓದುವವಳ ಹುಬ್ಬನ್ನು ನೋಡುವವರು ಯಾರೂ ಇರುವುದಿಲ್ಲ. ತಮ್ಮ ಬದನೆಕಾಯಿ ಬಣ್ಣದ ಸೀರೆ ಕೊಟ್ಟ. ಆ ಬಣ್ಣ ನನಗಾಗುವುದಿಲ್ಲವೆಂದು ಹುಟ್ಟಿದಾಗಿನಿಂದ ಬಲ್ಲವನು ಅವನು. ನನಗೆ ಆ ಮನೆ ಬೇಕಾಗಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ‘ನಿನಗೆ ಬೇಕೇನಕ್ಕಾ?’ ಎಂದು ಒಂದು ಮಾತು ಕೇಳಬೇಕಿತ್ತು. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಬೇಡ ಎನ್ನುವ ಆ ಸುಖವನ್ನೂ ಅವನು ನನಗೆ ಕೊಡಲಿಲ್ಲ. ಅದಕ್ಕೇ ಆ ಕಡೆ ಹೋಗುವುದನ್ನು ಬಿಟ್ಟಿದ್ದೆ, ಅದಕ್ಕೇ ಕಲ್ಮಲದ ಹತ್ತಿರ ಕುತ್ತಿಗೆ ಹೊರಳುತ್ತಿತ್ತು.

ಆ ದೃಶ್ಯವನ್ನು ಬಸ್ಸಿನಲ್ಲೇ ಬರೆದೆ. ಈ ಸಲ ಪೂರ್ವ ಪಶ್ಚಿಮಗಳ ಗೊಡವೆಗೇ ಹೋಗಲಿಲ್ಲ. ಅಕ್ಕ ಕಚೇರಿಯ ಪಡಸಾಲೆಯಲ್ಲಿ ಪತ್ರ ಓದುತ್ತಾ ಓದುತ್ತಾ ಆ ‘ಖುಷಿ’ಯ ಹತ್ತಿರ ನಿಂತುಬಿಡುತ್ತಾಳೆ, ಮುಂದೆ ಓದುವುದಿಲ್ಲ. ತಮ್ಮನಿಗೆ ನಿಜಕ್ಕಿಂತ ದಪ್ಪ ಮೀಸೆ ಇಟ್ಟೆ, ಒಂದೆರಡು ಕೆಟ್ಟ ಮಾತನ್ನೂ ಅವನ ಬಾಯಲ್ಲಿ ಹಾಕಿದೆ. ಮನೆಯವರಿಗೆ ಓದಿ ಹೇಳಿದಾಗ ಅವರು ನಿದ್ದೆ ಮಾಡಲಿಲ್ಲ. ಎದ್ದು ನಿಂತರು. “ಇದನ್ನ ಶರಣಪ್ಪಗ ತೋರಿಸ್ತಿ?” ಎಂದರು. ತೋರಿಸದೆ ಹೇಗೆ? ಅವನ ಸಹಿ ಬೇಕು. ಸಹಿ ಹಾಕದಿದ್ದರೆ ಕೋರ್ಸೂ ಇಲ್ಲ. ಹಾಕುವ ಬದಲು ಬಾಗಿಲು ತೋರಿಸಿದರೆ ತವರೂ ಇಲ್ಲ.

ಒಂದು ಭಾನುವಾರ, ಒಪ್ಪಿಗೆ ಪತ್ರ ಬರೆದುಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಸಹಿ ಹಾಕಿದವರಿಗೆ ಬಟ್ಟೆ ಕೊಡುವುದು ರೂಢಿಯಲ್ಲವೇ, ಒಂದು ಅಂಗಿ ಬಟ್ಟೆಯನ್ನೂ ಕೊಂಡಿದ್ದೆ. ಬದನೆಕಾಯಿ ಬಣ್ಣದ್ದು, ಹುಡುಕಿಯೇ ತಂದದ್ದು. ದಾರಿಯುದ್ದಕ್ಕೂ ಕಾಲು ಕುಣಿಯುತ್ತಿತ್ತು. ಪಕ್ಕದ ಅಜ್ಜಿ “ಯವ್ವಾ, ಚಳಿಜ್ವರ ಬಂದಾವೇನ?” ಎಂದು ಕೇಳಿದರು.

ತಮ್ಮ ಕಟ್ಟೆಯ ಮೇಲೆ ಕೂತಿದ್ದ. “ಬಾ ಅಕ್ಕಾ. ಬಿಸಲಾಗ ಬಂದಿ, ಒಂದ್ ಫೋನರ ಮಾಡಬಾರದಾ?” ಎಂದು ನೀರು ತಂದು ಕೊಟ್ಟ. ನಾನು ಕುಡಿಯುವ ಮೊದಲೇ ಓದಲು ಶುರು ಮಾಡಿದೆ. ಕುಡಿದರೆ ಧೈರ್ಯ ಇಳಿದುಹೋದೀತೆಂದು. ಮೊದಲು ದೃಶ್ಯ, ಆಮೇಲೆ ಪತ್ರ. ದೃಶ್ಯ ಮುಗಿಯುವ ತನಕ ಅವನು ಮೀಸೆ ಸವರಿಕೊಳ್ಳುತ್ತಾ ಕೇಳಿದ. ಪತ್ರದಲ್ಲಿ ‘ಸದರಿ ಕಥೆಯ ಮೇಲಿನ ಹಕ್ಕನ್ನು ನನ್ನ ಅಕ್ಕನಿಗೆ ನನ್ನ ಸ್ವಂತ ಖುಷಿಯಿಂದ’ ಎಂಬಲ್ಲಿಗೆ ಬಂದಾಗ ಹುಬ್ಬು ಏರಿತು.

“ಖುಷಿಯಿಂದ ಅಂತ ಹಾಕಲೇಬೇಕೇನಕ್ಕಾ?”

“ಹಾಕಬೇಕು. ಇಲ್ಲಂದ್ರ ಪತ್ರ ನಡಿಯಂಗಿಲ್ಲ.”

“ನಂಗ ಖುಷಿ ಇಲ್ಲಲ್ಲ ಮತ್ತ. ನಾಕು ಮಂದಿ ನೋಡಿದ್ರ ನನ್ನ ಮಾನ ಏನಾಗಬೇಕು?”

“ಖುಷಿ ಇಲ್ಲಂದ್ರೂ ಬರೀತಾರಲೇ. ನಾ ಬರದಿದ್ನಲ್ಲ.”

ಆಗ ಅವನು ನನ್ನ ಮುಖ ನೋಡಿದ. ಎಷ್ಟೋ ವರ್ಷದ ಮೇಲೆ ಒಬ್ಬರು ಓದುವವಳ ಹುಬ್ಬು ನೋಡಿದರು. “ಅವತ್ತು ನಿಂಗ ಖುಷಿ ಇರಲಿಲ್ಲೇನಕ್ಕಾ?” ಎಂದ.

“ಮನಿ ಬ್ಯಾಡಾಗಿತ್ತಲೇ ನಂಗ. ಒಂದ್ ಮಾತು ಕೇಳಬೇಕಾಗಿತ್ತು ನೀ.”

“ಕೇಳಿದ್ರ ನೀ ಬೇಕು ಅಂದುಬಿಟ್ರ ಏನ್ ಮಾಡ್ಲಿ ಅಂತ ಅಂಜಿದ್ನಕ್ಕಾ. ಅಂಜಿ ಕೇಳಲಿಲ್ಲ,” ಎಂದು ತಲೆ ತಗ್ಗಿಸಿದ.

ನನಗೆ ಅಳು ಬಂತು. ಬಂದ ಅಳುವಿನ ಹಿಂದೆಯೇ ಇನ್ನೊಂದು ಯೋಚನೆಯೂ ಬಂತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ: ಇಷ್ಟು ಒಳ್ಳೆಯ ಮಾತು ನನ್ನ ದೃಶ್ಯದಲ್ಲಿ ಇಲ್ಲವಲ್ಲ! ಕಣ್ಣೊರೆಸಿಕೊಳ್ಳುವ ನೆವದಲ್ಲಿ ಅದನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡೆ, ಮರೆಯಬಾರದೆಂದು. ತಮ್ಮ ಸಹಿ ಹಾಕಿದ. ಅಂಗಿ ಬಟ್ಟೆ ಬಿಚ್ಚಿ ನೋಡಿ, ಬಣ್ಣವನ್ನು ಗುರುತು ಹಿಡಿದು, ಹೊಟ್ಟೆ ಹಿಡಿದುಕೊಂಡು ನಕ್ಕ. “ಮೀಸಿ ಅಷ್ಟ ಸಣ್ಣದು ಮಾಡಕ್ಕಾ,” ಎಂದ. ಮಾಡಿದೆ.

ಕೋರ್ಸಿಗೆ ಆಯ್ಕೆಯಾದೆ. ಅಂಗಡಿಯಲ್ಲಿ ಅವತ್ತು ಸಾಬರು ಚಹಾದ ಜೊತೆ ಮಿರ್ಚಿ ಭಜಿಯನ್ನೂ ತರಿಸಿದರು. ಮೇಡಂ ಮೊದಲ ಪಾಠದಲ್ಲೇ ಹೇಳಿದರು: “ನಿಮ್ಮ ಅಕ್ಕತಮ್ಮನ ಜಗಳ ಬಹಳ ಚೆನ್ನಾಗಿದೆ. ಅದನ್ನೇ ಬೆಳೆಸಿ, ಈ ವರ್ಷದೊಳಗೆ ಒಂದು ಪೂರ್ತಿ ಸಿನಿಮಾದ ಚಿತ್ರಕಥೆ ಮಾಡಿ.” ಬೆಳೆಸುವುದು ಎಲ್ಲಿಂದ? ತಮ್ಮ ಈಗ ದಿನಾ ಸಂಜೆ ಫೋನು ಮಾಡುತ್ತಾನೆ. ಬಸ್ಸಿನಲ್ಲಿ ಸಜ್ಜೆ ರೊಟ್ಟಿ ಕಳಿಸುತ್ತಾನೆ. ಆ ಅಂಗಿ ಹೊಲಿಸಿ ಹಾಕಿಕೊಂಡು ಫೋಟೋ ಕೂಡ ಕಳಿಸಿದ; ಅವನಿಗೆ ಆ ಬಣ್ಣ ಒಪ್ಪುತ್ತದೆ ಎಂಬುದು ನನ್ನ ದುರ್ದೈವ. ಹೋಗಲಿ, ಮನೆಯವರ ಜೊತೆಗಾದರೂ ಒಂದು ಒಳ್ಳೆಯ ಜಗಳ ಸಿಕ್ಕೀತೆಂದು ನಿನ್ನೆ ಹೋಗಿ ಅವರ ಕುರ್ಚಿಯ ಮುಂದೆ ನಿಂತೆ; ನೀವು ಕೂತೇ ಇರುತ್ತೀರಿ ಎಂದೆ, ಹಳೆಯದೆಲ್ಲಾ ತೆಗೆದೆ. “ನೀ ಹೇಳೋದು ಖರೆ ಅದ ನೋಡು,” ಎಂದು ಸ್ವಂತ ಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ, ಕೂತೇ ಇದ್ದರು. ಖಾಸಿಂ ಸಾಬರ ಖಾತ್ರಿ ಸುಳ್ಳಾಗಲಿಲ್ಲ. ನಾನು ಬರೆದದ್ದರಿಂದ ಇಂದಿನವರೆಗೆ ಒಂದು ಜಗಳವೂ ಹುಟ್ಟಿಲ್ಲ. ಇದ್ದದ್ದೊಂದೂ ಹೋಯಿತು.