ಘಾಟು ಬಾರದ ಮೆಣಸಿನಕಾಯಿ

ಮಹಡಿಯ ಮೇಲೆ ಮೆಣಸಿನಗಿಡ ಬೆಳೆಸುವುದೇನು ಮಹಾ ವಿದ್ಯೆ? ಅದೂ ನಾನು ಆರಿಸಿಕೊಂಡದ್ದು ಸಾಮಾನ್ಯ ಜಾತಿಯಲ್ಲ. ಇಟಲಿಯ ಅಜ್ಜಿಯರು ತಲೆಮಾರುಗಳಿಂದ ಬೀಜ ಕಾಪಾಡಿಕೊಂಡು ಬಂದ, ಗೇಣುದ್ದದ, ಕಡುಗೆಂಪು, ಸಿಹಿ ಮೆಣಸಿನಕಾಯಿ! ಬೀಜ ಬಂದ ದಿನವೇ ಹೆಂಡತಿ ಸುಮಾಳಿಗೆ ತೋರಿಸಿದೆ.

"ಸಿಹಿ ಮೆಣಸಿನಕಾಯಾ? ಪಾಯಸಕ್ಕೆ ಹಾಕ್ಬೇಕೇನ್ರೀ?"

"ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಎಣ್ಣೆ ಬೆಳ್ಳುಳ್ಳಿ ಹಾಕಿ ತಿನ್ಬೇಕು ಕಣೇ. ನಾನೇ ಮಾಡ್ತೀನಿ, ನೋಡ್ತಿರು!"

ನಾಲ್ಕು ತಿಂಗಳ ಸೇವೆಗೆ ಒಲಿದು ಗಿಡ ಒಂಬತ್ತು ಕಾಯಿ ಬಿಟ್ಟಿತು. ದಿನಕ್ಕೊಂದು ಫೋಟೊ ಸ್ಟೇಟಸ್ಸಿಗೆ ಏರಿತು. ಕುಣಿಗಲ್ಲಿನ ನೆಂಟರೂ ನೋಡಿದರು, ಹೆಬ್ಬೂರಿನವರೂ ನೋಡಿದರು. ಭಾನುವಾರ ನನ್ನ ಕೈಯಡುಗೆ ಎಂದು ಘೋಷಿಸಿ, ಗುಬ್ಬಿಯಿಂದ ಅತ್ತೆಯವರನ್ನೂ ಊಟಕ್ಕೆ ಕರೆದೆ.

ಭಾನುವಾರ ಕರಟದ ಕೆಂಡ ಸಿದ್ಧಮಾಡಿ, ಕಾಯಿಗಳನ್ನೆಲ್ಲ ಕೊಯ್ದು ಬುಟ್ಟಿಗೆ ತುಂಬಿದೆ. ಗಿಡದ ಕುಂಡವನ್ನು ಒಂದಿಷ್ಟು ನೆರಳಿಗೆ ಸರಿಸೋಣವೆಂದು ಬಗ್ಗಿದೆ. ಕಟ್! ಸೊಂಟ ಹಿಡಿದುಕೊಂಡಿತು. ಪಕ್ಕದ ಮನೆಯವರು ಬಂದು ನನ್ನನ್ನು ಎತ್ತಿ ಸ್ಟೂಲಿನ ಮೇಲೆ ಕೂರಿಸಿದರು. ಅಷ್ಟರಲ್ಲಿ ಅತ್ತೆಯವರೂ ಬಂದರು.

"ದಿನಾ ಫೋಟೊ ಹಾಕಿದ್ರೆ ಇನ್ನೇನಾಯ್ತದೆ ಅಳಿಯಂದ್ರೇ? ಊರ ಕಣ್ಣೆಲ್ಲ ಬಿದ್ದದೆ. ದೃಷ್ಟಿ ತೆಗೀತೀನಿ, ಬಾಯಿ ಬಿಡ್ಬಾರ್ದು!"

ಕಣ್ಣು ಬಿದ್ದದ್ದು ಯಾವುದರ ಮೇಲೋ ಅದರಿಂದಲೇ ತೆಗೆಯಬೇಕಂತೆ. ಮುಷ್ಟಿ ಉಪ್ಪಿನ ಜೊತೆ ನನ್ನ ಮೂರು ಮೆಣಸಿನಕಾಯಿಗಳನ್ನು ಹಿಡಿದು, ಮೂರು ಸುತ್ತು ಇಳಿ ತೆಗೆದು ಕೆಂಡಕ್ಕೆ ಹಾಕಿಯೇಬಿಟ್ಟರು. ನಾನು ಹಲ್ಲು ಕಚ್ಚಿ ಕೂತೆ. ಉಪ್ಪು ಚಟಪಟ ಅಂದಿತು. ಯಾರೂ ಕೆಮ್ಮಲಿಲ್ಲ.

"ಸುಮಾ! ಘಾಟೇ ಇಲ್ಲ ಕಣೇ! ಎಂಥಾ ದೃಷ್ಟಿನೇ ಇದು!"

ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ಭಾರೀ ದೃಷ್ಟಿ ಎಂದರ್ಥ. ಇದು ಜಗತ್ತಿಗೆಲ್ಲ ಗೊತ್ತು, ಇಟಲಿಗೆ ಗೊತ್ತಿಲ್ಲ. ಇನ್ನೂ ಮೂರು ಕಾಯಿ ಬೆಂಕಿಗೆ ಬಿದ್ದವು. ಘಮ್ಮೆಂದು ಸುವಾಸನೆ ಎದ್ದಿತು. ನನ್ನ ಹೊಟ್ಟೆಯೂ ಉರಿಯತೊಡಗಿತು.

"ಅತ್ತೇ, ಅದರಲ್ಲಿ ಖಾರನೇ ಇಲ್ಲ..."

"ಬಾಯಿ ಬಿಟ್ರಾ? ಕೆಟ್ಟೋಯ್ತು! ಮೊದ್ಲಿಂದ ತೆಗೀಬೇಕು!"

ಉಳಿದ ಮೂರಕ್ಕೂ ಕೈ ಹಾಕಿದರು. ನಾನು ಸೊಂಟವನ್ನೂ ಮರೆತು, "ಬೇಡ!" ಎಂದು ಕಿರುಚಿ ನೆಗೆದೆ. ಬುಟ್ಟಿ ಕೈಗೆ ಸಿಗಲಿಲ್ಲ. ಆದರೆ ಸೊಂಟ ನೆಟ್ಟಗಾಗಿಬಿಟ್ಟಿತು!

"ನೋಡಿದ್ರಾ? ಎದ್ದೇಬಿಟ್ರು!" ಎಂದು ಅತ್ತೆಯವರು ಕೊನೆಯ ಮೂರನ್ನೂ ಸುಟ್ಟು, ಎಲ್ಲವನ್ನೂ ಬಾಣಲೆಯಲ್ಲಿ ಹೊತ್ತು, ಮೂರು ದಾರಿ ಕೂಡುವಲ್ಲಿ ಸುರಿದು ಬಂದರು. ಮಧ್ಯಾಹ್ನ ಅವರೇ ಮುದ್ದೆ, ಸೊಪ್ಪಿನ ಸಾರು ಮಾಡಿ ಬಡಿಸಿದರು. ನಾಚಿಕೆಯಿಲ್ಲದೆ ಎರಡು ಮುದ್ದೆ ಉಂಡೆ.

ಸಂಜೆ ಪಕ್ಕದ ಮನೆಯಾಕೆ ಬಂದರು. "ಸಾರ್, ನಮ್ಮ ಯಜಮಾನ್ರಿಗೆ ಮಂಡಿ ನೋವು. ಆ ಇಟಲಿ ಮೆಣಸಿನಕಾಯಿ ಮೂರು ಇದ್ರೆ ಕೊಡ್ತೀರಾ?"

ಈಗ ಗಿಡದಲ್ಲಿರುವ ಹೀಚುಗಳಿಗೂ ಬುಕಿಂಗ್ ಆಗಿದೆ. ರುಚಿ ಹೇಗಿತ್ತು ಎಂದು ಮಾತ್ರ ನನ್ನನ್ನು ಕೇಳಬೇಡಿ. ಅವತ್ತು ಆ ಮೂರು ದಾರಿಯಲ್ಲಿ ನಿಂತಿದ್ದ ಹಸುವನ್ನು ಕೇಳಿ!