ಹತ್ತಿಗೆ ಎಷ್ಟು ಹನಿ ಹಾಕಬೇಕು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆಯುವವನಲ್ಲ. ಆಫೀಸಿನಲ್ಲಿ ನಾನು ಬರೆಯುವುದು ಸಾಫ್ಟ್‌ವೇರ್ ಎಲ್ಲಿ ಕೆಡುತ್ತದೆ ಎಂಬ ವರದಿ ಮಾತ್ರ. ‘ಮೊದಲು ಇದನ್ನು ಒತ್ತಿ, ಆಮೇಲೆ ಅದನ್ನು ಒತ್ತಿ, ಈಗ ಕೆಟ್ಟಿತು’ ಎಂದರೆ ಅಲ್ಲಿಗೆ ಸಾಕು, ಯಾರನ್ನೂ ನಗಿಸಬೇಕಾಗಿಲ್ಲ. ನಮ್ಮ ಕನ್ನಡ ಕೂಟದ ಸಂಚಿಕೆಗೆ ನಗುವಂಥದ್ದೇನಾದರೂ ಕೊಡಿ ಎಂದು ಕೇಳಿದ್ದರಿಂದ ಧೈರ್ಯ ಮಾಡಿದ್ದೇನೆ. ಹೇಳುವುದು ಹದಗೆಟ್ಟರೆ ತಪ್ಪು ನನ್ನದು, ಘಟನೆಗಳದ್ದಲ್ಲ. ಅವು ತಮ್ಮ ಪಾಡಿಗೆ ನಡೆಯುತ್ತಲೇ ಇರುತ್ತವೆ. ಹೆಂಡತಿ ಮನೆಯಲ್ಲಿಲ್ಲದ ಗಂಡಸಿಗಂತೂ ವಾರಕ್ಕೊಂದು.

೧. ಹರಕೆ

ನನ್ನ ಹೆಂಡತಿ ತಮ್ಮನ ಮದುವೆಗೆಂದು ಮೂರು ವಾರಕ್ಕೆ ಮೈಸೂರಿಗೆ ಹೋದಳು. ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮಂಥವರು ಅಮೆರಿಕದಿಂದ ಹೊರಗೆ ಹೋದರೆ ಮರಳಿ ಬರಲು ಕೆಲವೊಮ್ಮೆ ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸಬೇಕಾಗುತ್ತದೆ. ಹಾಕಿಸಲು ಹೋದವಳ ಕೈಗೆ ಒಂದು ಚೀಟಿ ಕೊಟ್ಟು, ಇನ್ನೂ ಪರಿಶೀಲನೆ ಇದೆ, ಕಾಯಿರಿ ಎಂದರು. ಎಷ್ಟು ದಿನ ಎಂದು ಚೀಟಿಯಲ್ಲಿ ಇರಲಿಲ್ಲ. ಮದುವೆಯಾದ ತಮ್ಮ ಮಧುಚಂದ್ರ ಮುಗಿಸಿ ಬಂದು, ಹೆಂಡತಿಯ ಜೊತೆ ಮೊದಲ ಜಗಳ ಆಡಿ, ರಾಜಿಯೂ ಆದ. ಇವಳ ಚೀಟಿ ಮಾತ್ರ ಚೀಟಿಯಾಗಿಯೇ ಉಳಿಯಿತು.

ನಾಲ್ಕನೇ ತಿಂಗಳು ಒಂದು ದಿನ ಫೋನು ಬಂತು.

“ರೀ, ಇವತ್ತು ಬೆಟ್ಟಕ್ಕೆ ಹೋಗಿದ್ದೆ. ಸಾವಿರ ಮೆಟ್ಟಿಲು ಹತ್ತಿ ಹರಕೆ ಹೊತ್ತುಕೊಂಡೆ.”

“ಏನಂತ?”

“ವೀಸಾ ಬಂದ್ರೆ ನೀವು ಸಿಗರೇಟ್ ಬಿಡ್ತೀರಿ ಅಂತ.”

“ಹರಕೆ ಹೊರೋದು ನೀನು, ಬಿಡೋದು ನಾನಾ?”

“ಮತ್ತೆ? ನಾನು ಬರೋದು ಯಾರಿಗೆ ಬೇಕು, ನಿಮಗೆ ತಾನೆ?”

ನನಗೇ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಬಾತ್‌ರೂಮಿನಲ್ಲಿ ಅವಳು ಬಿಟ್ಟುಹೋದ ತಲೆಗೂದಲಿನ ಕ್ಲಿಪ್ಪನ್ನು ನಾನು ನಾಲ್ಕು ತಿಂಗಳಿಂದ ಎತ್ತಿಡದೆ ಸುತ್ತಲೂ ಒರೆಸುತ್ತಿದ್ದೆ. ವೀಸಾ ಬಂದ ಮೇಲೆ ಬಿಡಬೇಕೆಂಬುದು ಅವಳ ಹರಕೆ. ಮೊದಲೇ ಬಿಟ್ಟರೆ ಬೇಗ ಬಂದೀತು ಎಂಬುದು ನನ್ನ ಲೆಕ್ಕ. ಆದರೂ ಗಂಡಸಿನ ಬಾಯಿ ಸುಮ್ಮನಿರುವುದಿಲ್ಲ.

“ಇಷ್ಟು ದೂರ ಇರೋ ನಾನೇ ಅಂತ ದೇವಿಗೆ ಹೇಗೆ ಗೊತ್ತಾಗುತ್ತೆ?” ಎಂದೆ.

“ಹೆಸರು, ಗೋತ್ರ, ನಕ್ಷತ್ರ ಎಲ್ಲ ಹೇಳಿದೀನಿ. ಸಿಯಾಟಲ್ ಹತ್ರ ಟೋಟೆಮ್ ಲೇಕ್ ಅಂತಾನೂ ಹೇಳಿದೀನಿ. ಅಪಾರ್ಟ್‌ಮೆಂಟ್ ನಂಬರ್ ಸಮೇತ.”

೨. ಪ್ಯಾಂಟಿನ ಕೇಕು

ಕ್ಯಾನ್ಯನ್ ಪಾರ್ಕಿನ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನವನು ಮಂಗಳೂರಿನ ಕ್ರಿಶ್ಚಿಯನ್, ನನ್ನ ಒಬ್ಬನೇ ಆಪ್ತ. ಹರಕೆಯ ವಿಷಯ ಕೇಳಿ ಮರುಗಿದ. “ನಮ್ಮಲ್ಲಾದ್ರೆ ಈಸ್ಟರಿಗೆ ಮೊದಲು ನಲ್ವತ್ತು ದಿನ ಬಿಟ್ಟರೆ ಆಯ್ತು. ನಿಮ್ಮದು ಜೀವಮಾನಕ್ಕಾ? ಭಾರಿ ಕಷ್ಟ ಉಂಟು ಮಾರಾಯ.”

ಅವನೇ ವೇಪ್ ಮಾಡುವ, ಅಂದರೆ ಸಿಗರೇಟಿನ ಬದಲು ಬ್ಯಾಟರಿಯಿಂದ ಆವಿ ಸೇದುವ, ದಾರಿ ತೋರಿಸಿದ್ದು. ಅದರಲ್ಲೂ ಹನಿ ಹಾಕಿ ಸೇದುವ ಬಗೆ. ಗೊತ್ತಿಲ್ಲದವರಿಗೆ ವಿವರಿಸುತ್ತೇನೆ, ಗೊತ್ತಿದ್ದವರು ಈ ಸಾಲು ಬಿಡಬಹುದು. ಕೈಯಲ್ಲಿ ಹಿಡಿಯುವ ಬ್ಯಾಟರಿಯ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಒಂದು ಪುಟ್ಟ ಲೋಹದ ಬಟ್ಟಲು. ಅದರೊಳಗೆ ಸುರುಳಿ ಸುತ್ತಿದ ತಂತಿ. ಸುರುಳಿಯ ನಡುವೆ ತೂರಿಸಿದ ಹತ್ತಿ. ಹತ್ತಿಗೆ ಬಾಟಲಿಯಿಂದ ಪರಿಮಳದ ದ್ರವ ಹನಿಸಿ, ಮುಚ್ಚಳ ಹಾಕಿ, ಗುಂಡಿ ಒತ್ತಿದರೆ ತಂತಿ ಕಾಯುತ್ತದೆ, ಆವಿ ಏಳುತ್ತದೆ, ಎಳೆದುಕೊಳ್ಳುವುದು. ಏಳೆಂಟು ಸಲ ಎಳೆದ ಮೇಲೆ ಮತ್ತೆ ಹನಿಸುವುದು. ಇಷ್ಟೇ.

“ಎಷ್ಟು ಹನಿ?” ಎಂದು ಕೇಳಿದೆ.

“ಅದು ಹತ್ತಿಯೇ ಹೇಳ್ತದೆ.”

ನನ್ನ ಹತ್ತಿ ಏನೂ ಹೇಳಲಿಲ್ಲ. ನಾನು ಧಾರಾಳವಾಗಿ ಇಪ್ಪತ್ತೈದು ಹನಿ ಹಾಕಿ, ಜೇಬಿಗೆ ಸೇರಿಸಿ, ಮೀಟಿಂಗಿಗೆ ಹೋದೆ. ಬಟ್ಟಲಿನ ಪಕ್ಕದಲ್ಲಿ ಗಾಳಿಗೆಂದು ಎರಡು ತೂತು ಇರುತ್ತವೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಅರ್ಧ ಗಂಟೆಯಲ್ಲಿ ತೊಡೆ ತಣ್ಣಗಾಯಿತು. ಇನ್ನೈದು ನಿಮಿಷಕ್ಕೆ ಕೋಣೆಯ ತುಂಬ ಸ್ಟ್ರಾಬೆರಿ, ವೆನಿಲ್ಲಾ. ನಮ್ಮ ಅಮೆರಿಕನ್ ಮ್ಯಾನೇಜರಮ್ಮ ಮೂಗರಳಿಸಿ, ಯಾರ ಹುಟ್ಟುಹಬ್ಬ ಇವತ್ತು, ಕೇಕ್ ಎಲ್ಲಿಟ್ಟಿದ್ದೀರಿ ಎಂದು ಎದ್ದೇಬಿಟ್ಟರು. ಅವರ ಹಿಂದೆ ಒಂಬತ್ತು ಜನ ಪ್ಯಾಂಟ್ರಿಗೆ ಹೋಗಿ ಕಪಾಟು, ಫ್ರಿಜ್ಜು ಎಲ್ಲ ಹುಡುಕಿದರು. ನಾನು ಏಳುವಂತಿರಲಿಲ್ಲ, ಕೂತೇ ಇದ್ದೆ.

ಮಂಗಳೂರಿನವನು ನನ್ನ ಕಿವಿಯ ಹತ್ತಿರ ಬಗ್ಗಿದ. “ಪಾಪ, ಹೇಳ್ಲಾ ಮಾರಾಯ, ಕೇಕು ನಿನ್ನ ಪ್ಯಾಂಟಿನಲ್ಲಿ ಉಂಟು ಅಂತ?”

೩. ಹೊಗೆಯೋ ಆವಿಯೋ

ಇದು ಚಿಕ್ಕದು. ಸಿಗರೇಟು ಬಿಟ್ಟು ವೇಪ್ ಹಿಡಿದಿದ್ದೇನೆಂದು ಹೆಮ್ಮೆಯಿಂದ ಹೇಳಿದ ದಿನವೇ ಅವಳು ವಿಚಾರಣೆ ಶುರುಮಾಡಿದಳು.

“ಬಾಯಿಂದ ಹೊಗೆ ಬರುತ್ತಾ?”

“ಅದು ಹೊಗೆ ಅಲ್ಲ. ಆವಿ.”

“ಇಡ್ಲಿ ಪಾತ್ರೆಯಿಂದ ಬರುತ್ತಲ್ಲ, ಹಾಗಾ?”

“ಹ್ಞಾಂ! ಕರೆಕ್ಟ್. ಇಡ್ಲಿ ಪಾತ್ರೆ ಥರಾನೇ.”

“ಇಡ್ಲಿ ಪಾತ್ರೆ ಬಾಯಿಗಿಟ್ಟುಕೊಂಡು ಬಾಲ್ಕನೀಲಿ ನಿಂತಿರೋರನ್ನ ನಾನಿನ್ನೂ ನೋಡಿಲ್ಲ. ಹೋಗ್ಲಿ, ನನಗೆ ಅರ್ಥವಾಯ್ತು ಅಂತಾನೇ ಇಟ್ಕೊಳ್ಳಿ. ಈ ವ್ಯತ್ಯಾಸ ಎಲ್ಲ ದೇವಿಗೆ ಯಾರು ಹೇಳ್ತಾರೆ? ಮತ್ತೆ ಸಾವಿರ ಮೆಟ್ಟಿಲು ನಾನೇ ಹತ್ತಬೇಕಾ?”

೪. ಒಣ ಹತ್ತಿ

ಕೇಕಿನ ಪ್ರಸಂಗದ ನಂತರ ನಾನು ಜಿಪುಣನಾದೆ. ಎರಡೇ ಹನಿ. ಎರಡು ಹನಿಗೆ ಏನಾಗುತ್ತದೆಂದರೆ (ಇದು ಮುಖ್ಯ), ಮೊದಲ ಎಳೆತಕ್ಕೆ ದ್ರವ ಮುಗಿದು, ಎರಡನೆಯದಕ್ಕೆ ಹತ್ತಿಯೇ ಸುಡುತ್ತದೆ. ಆ ಸುಟ್ಟ ಗಾಳಿ ಗಂಟಲಿಗೆ ಇಳಿದರೆ ಮೆಣಸಿನಕಾಯಿ ಒಗ್ಗರಣೆಯೊಳಗೆ ತಲೆ ತೂರಿಸಿದ ಹಾಗೆ.

ನಮ್ಮ ಬೆಳಿಗ್ಗೆ ಏಳೂವರೆ ಎಂದರೆ ಮೈಸೂರಿನಲ್ಲಿ ರಾತ್ರಿ ಎಂಟು. ದಿನಾ ಅದೇ ಹೊತ್ತಿಗೆ ವೀಡಿಯೊ ಕಾಲ್. ಅವತ್ತು ಅವಳ ಮುಖ ಮೂಡುವುದಕ್ಕೂ ನಾನು ಆ ಎರಡನೇ ಎಳೆತ ಎಳೆಯುವುದಕ್ಕೂ ಸರಿಹೋಯಿತು. ಉಸಿರು ಸಿಕ್ಕಿಕೊಂಡಿತು. ಕಣ್ಣಲ್ಲಿ ಧಾರಾಕಾರ ನೀರು. ಮಾತು ಬರುತ್ತಿಲ್ಲ.

“ರೀ... ಅಳ್ತಾ ಇದೀರಾ?”

ಇಲ್ಲ ಎಂದು ಕೈಯಾಡಿಸಿದೆ. ಅದನ್ನು ಅವಳು, ಏನೂ ಕೇಳಬೇಡ ಎಂದು ತಿಳಿದಳು.

“ಅಳಬೇಡಿ ರೀ. ನನಗೂ ಇಲ್ಲಿ ಒಂದು ದಿನ ಸರಿಯಾಗಿ ನಿದ್ದೆ ಇಲ್ಲ. ನೀವು ನಗ್ತಾ ಮಾತಾಡ್ತಿದ್ರಿ ಅಂತ ನಾನೂ ನಗ್ತಿದ್ದೆ ಅಷ್ಟೆ.” ಹಾಗೆನ್ನುತ್ತಾ ಅವಳು ನಿಜವಾಗಿಯೂ ಅತ್ತಳು. ನಾಲ್ಕು ತಿಂಗಳಲ್ಲಿ ಅದೇ ಮೊದಲು. ಅದನ್ನು ನೋಡಿ ನನ್ನ ಗಂಟಲು ಸರಿಯಾದ ಮೇಲೂ ಕಣ್ಣು ಸರಿಯಾಗಲಿಲ್ಲ. ಎಲ್ಲಿಯವರೆಗೆ ಹತ್ತಿಯ ಅಳು, ಎಲ್ಲಿಂದ ನನ್ನದು ಎಂದು ಕೇಳಿದರೆ ಹೇಳಲಾರೆ. ಹತ್ತು ನಿಮಿಷ ಒಬ್ಬರನ್ನೊಬ್ಬರು ನೋಡುತ್ತಾ ಮೂಗೊರೆಸಿಕೊಂಡೆವು.

ಹಿಂದಿನಿಂದ ನನ್ನ ಅತ್ತೆಯ ದನಿ ಕೇಳಿತು. “ಅಳೋವಾಗ ಯಾರೂ ಹಾಗೆ ಕೆಮ್ಮಲ್ಲ ಕಣೇ. ಏನೋ ಸೇದಿದಾರೆ, ಕೇಳು.”

೫. ಸ್ಟಾಕ್ ಇಲ್ಲದ ಪರಿಮಳ

ಹನಿ ಹಾಕುವ ಬಗೆಯಲ್ಲಿ ಒಂದು ಅನುಕೂಲ. ಬೇಕೆಂದಾಗ ಪರಿಮಳ ಬದಲಿಸಬಹುದು. ಹಾಗಾಗಿ ನಾನು ಕಾಫಿಯ ಪರಿಮಳ ಹುಡುಕಲು ಹೊರಟೆ. ಕಾರಣ ಹೇಳಬೇಕು. ಅವಳಿದ್ದಾಗ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಸಿಗರೇಟು ಸೇದುತ್ತಿದ್ದೆ. ಹೊಗೆ ಒಳಗೆ ಬರಬಾರದೆಂದು ಅವಳು ಗಾಜಿನ ಬಾಗಿಲನ್ನು ಒಂದು ಗೇಣು ಮಾತ್ರ ಸರಿಸಿ, ಲೋಟ ಹಿಡಿದ ಕೈಯನ್ನಷ್ಟೇ ಹೊರಗೆ ಚಾಚುತ್ತಿದ್ದಳು. ಬಳೆ ಬಾಗಿಲಿಗೆ ತಾಗಿ ಟಿಣ್ ಎನ್ನುತ್ತಿತ್ತು. ನಾನು ತೆಗೆದುಕೊಂಡ ತಕ್ಷಣ ಕೈ ಒಳಗೆ, ಬಾಗಿಲು ಮುಚ್ಚುತ್ತಿತ್ತು. ಸಿಗರೇಟು ಬಿಟ್ಟ ಮೇಲೆ ನನಗೆ ಬೇಕೆನಿಸುತ್ತಿದ್ದದ್ದು ಸಿಗರೇಟಲ್ಲ, ಆ ಒಂದು ಗೇಣು ಬಾಗಿಲು ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ವೇಪ್ ಅಂಗಡಿಯವನು ಎದೆಯವರೆಗೆ ಗಡ್ಡ ಬಿಟ್ಟ ಒಳ್ಳೆಯ ಮನುಷ್ಯ. ಎಂಟು ಬಗೆಯ ಕಾಫಿ ಹನಿಸಿ ಕೊಟ್ಟ. ಯಾವುದೂ ಹೊಂದಲಿಲ್ಲ.

“ನಿನಗೆ ಬೇಕಾದ ಕಾಫಿ ಹೇಗಿರುತ್ತೆ, ಹೇಳು,” ಎಂದ.

ಹೇಳಿದೆ. ಚಿಕೋರಿ ಇರಬೇಕು. ಡಿಕಾಕ್ಷನ್ ನಿಧಾನ ಇಳಿದಿರಬೇಕು. ಸ್ಟೀಲ್ ಲೋಟ, ಮೇಲೆ ನೊರೆ. ಬೆರಳು ಸುಡಬೇಕು. ಬಾಗಿಲ ಸಂದಿಯಿಂದ ಬರಬೇಕು. ಬಳೆಯ ಸದ್ದು ಆಗಬೇಕು.

ಅವನು ಗಡ್ಡ ನೀವಿಕೊಳ್ಳುತ್ತಾ ಪೂರ್ತಿ ಕೇಳಿದ. ಹಿಂದಿನ ಶೆಲ್ಫುಗಳನ್ನೆಲ್ಲ ಒಂದು ಸಲ ನೋಡಿದ. ಆಮೇಲೆ ಬಹಳ ಮೆತ್ತಗೆ ಹೇಳಿದ: “ತಮ್ಮಾ, ಹೆಂಡತಿ ಫ್ಲೇವರ್ ನಾವು ಇಡೋದಿಲ್ಲ.”

೬. ಹೂಬತ್ತಿ

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಅವಳಿಗೂ.

ಮೂರು ವಾರದ ಹಿಂದೆ ಒಂದು ಭಾನುವಾರ ಮನೆಯಲ್ಲಿ ಹತ್ತಿ ಮುಗಿಯಿತು. ಅಂಗಡಿಗೆ ರಜೆ. ಮಂಗಳೂರಿನವನ ಮನೆ ವುಡಿನ್‌ವಿಲ್‌ನಲ್ಲಿ, ಅವನು ಊರಲ್ಲಿರಲಿಲ್ಲ. ಹತ್ತಿ, ಹತ್ತಿ ಎಂದು ಮನೆಯೆಲ್ಲ ಹುಡುಕುವಾಗ ದೇವರ ಗೂಡಿನಲ್ಲಿ ಒಂದು ಡಬ್ಬಿ ಸಿಕ್ಕಿತು. ಅತ್ತೆ ಕೈಯಾರೆ ಹೊಸೆದು ಕಳಿಸಿದ ಹೂಬತ್ತಿ. ಶುದ್ಧ ಹತ್ತಿ, ಬಿಳಿ, ಮೆತ್ತಗೆ. ಇದಕ್ಕಿಂತ ಒಳ್ಳೆಯ ಹತ್ತಿ ಈ ದೇಶದಲ್ಲೇ ಸಿಗಲಾರದು ಎನಿಸಿತು. ಒಂದನ್ನು ಬಿಡಿಸಿ ತಂತಿಯೊಳಗೆ ತೂರಿಸಿದೆ. ಅಷ್ಟರಲ್ಲಾಗಲೇ ನನಗೆ ಸರಿಯಾದ ಲೆಕ್ಕ ಸಿಕ್ಕಿತ್ತು: ಆರು ಹನಿ. ಆರು ಹಾಕಿದೆ. ಗುಂಡಿ ಒತ್ತಿದೆ. ಎಳೆದೆ.

ನಾನು ಗಮನಿಸದೆ ಇದ್ದದ್ದು ಒಂದೇ. ಅತ್ತೆ ಜಾಣೆ. ಪ್ರತಿ ದಿನ ತುಪ್ಪ ಅದ್ದುವ ಕೆಲಸ ಮಗಳಿಗೆ ಬೇಡವೆಂದು ಬತ್ತಿಗಳನ್ನೆಲ್ಲ ಮೊದಲೇ ತುಪ್ಪದಲ್ಲಿ ನೆನೆಸಿ, ಹಿಂಡಿ, ಒತ್ತಿ ತುಂಬಿಸಿದ್ದರು. ಸಿಯಾಟಲ್ ಚಳಿಗೆ ತುಪ್ಪ ಬೆಳ್ಳಗೆ ಹೆಪ್ಪುಗಟ್ಟಿತ್ತು. ನೋಡಿದರೆ ಹತ್ತಿಯೇ.

ಆಮೇಲಿನದನ್ನು ವಿವರಿಸುವುದು ಕಷ್ಟ. ಮಂಗಳಾರತಿ ತಟ್ಟೆಯನ್ನು ಉರಿಯುತ್ತಿರುವಾಗಲೇ ಒಬ್ಬ ನುಂಗಿದನೆಂದುಕೊಳ್ಳಿ. ಬಾಲ್ಕನಿಗೆ ಓಡಿ ಕಂಬಿ ಹಿಡಿದು ಕೆಮ್ಮಿದೆ. ಒಳಗೆ ಹೊಗೆಯ ಅಲಾರಂ ಬಡಿದುಕೊಳ್ಳತೊಡಗಿತು. ಅದರ ನಡುವೆ ಫೋನು. ಅವಳೇ. ಅಲ್ಲಿ ಸೋಮವಾರ ಬೆಳಿಗ್ಗೆ.

“ಏನ್ರೀ ಅದು ಗಂಟೆ ಥರ ಸದ್ದು?”

“ಏನಿಲ್ಲ... ಹೂಬತ್ತಿ... ತುಪ್ಪ...” ಅಷ್ಟೇ ಹೊರಟಿದ್ದು.

“ದೀಪ ಹಚ್ಚಿದ್ರಾ? ನೀವಾ? ನನಗೋಸ್ಕರಾನಾ?”

ನಾನು ಸುಳ್ಳು ಹೇಳಲಿಲ್ಲ. ಕೆಮ್ಮಿದೆ. ಕೆಮ್ಮನ್ನು ಅವಳು ಹೌದೆಂದು ಕೇಳಿಸಿಕೊಂಡಳು. “ಅಮ್ಮಾ, ಇವರು ತುಪ್ಪದ ದೀಪ ಹಚ್ಚಿ ಗಂಟೆ ಬಾರಿಸಿ ಪೂಜೆ ಮಾಡ್ತಿದಾರಮ್ಮಾ!” ಎಂದು ಕೂಗಿದ್ದು ನನಗೆ ಕೇಳಿಸಿತು. ಬುಧವಾರ ವೀಸಾ ಬಂತು.

ಈಗ ಮೈಸೂರಿನಲ್ಲಿ ನಾನು ದೊಡ್ಡ ಮನುಷ್ಯ. ಅತ್ತೆ ಬೀದಿಯಲ್ಲೆಲ್ಲ ಹೇಳಿದ್ದಾರೆ. ಕಾಗದಪತ್ರ ಸಿಕ್ಕಿಕೊಂಡ ಇಬ್ಬರು ನೆಂಟರು ನನಗೆ ಫೋನ್ ಮಾಡಿ, ಎಷ್ಟು ಬತ್ತಿ, ಯಾವ ದಿಕ್ಕು ಎಂದು ವಿಚಾರಿಸಿದ್ದಾರೆ.

ಇದನ್ನು ನಾನು ಬರೆಯುತ್ತಿರುವುದು ಏರ್‌ಪೋರ್ಟಿನ ಹತ್ತಿರ, ಬರುವವರ ಫೋನಿಗೆ ಕಾಯುವವರಿಗೆಂದೇ ಇರುವ ಪಾರ್ಕಿಂಗಿನಲ್ಲಿ, ಸ್ಟಿಯರಿಂಗಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು. ಅವಳ ವಿಮಾನ ಇಳಿದು ಐವತ್ತು ನಿಮಿಷವಾಯಿತು. ಸಂಚಿಕೆ ಅಚ್ಚಾಗುವ ಮೊದಲು ಅವಳಿಗೆ ನಿಜ ಹೇಳಬೇಕು, ಇಲ್ಲವಾದರೆ ಅಚ್ಚಿನಲ್ಲಿ ಓದುತ್ತಾಳೆ. ಮನೆಗೆ ಹೋಗುವ ದಾರಿಯಲ್ಲೇ ಹೇಳಬೇಕೆಂದಿದ್ದೇನೆ. ಹೇಗೆಂದರೆ, ಮೊದಲನೆಯದಾಗಿ, ಬತ್ತಿ ದೇವರ ಗೂಡಿನದೇ. ಎರಡನೆಯದಾಗಿ, ತುಪ್ಪ ಕಾದದ್ದು ನಿಜ. ಆದ್ದರಿಂದ ದೀಪ ಎಂದು ಅವಳು ಅಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ತಪ್ಪೇನಿಲ್ಲ, ಬೆಳಕೊಂದು ಬರಲಿಲ್ಲ ಅಷ್ಟೆ. ಮೂರನೆಯದಾಗಿ, ದೀಪಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ತಂತ್ರಜ್ಞಾನದ ದೃಷ್ಟಿಯಿಂದ ನೋಡಿದರೆ, ಎರಡರಲ್ಲೂ ಹತ್ತಿಯು

ಫೋನು.

“ರೀ, ಎಲ್ಲಿದೀರಾ? ಹೊರಗೆ ಬಂದು ನಿಂತಿದೀನಿ. ಬೇಗ ಬನ್ನಿ, ಸೂಟ್‌ಕೇಸ್ ಎತ್ತೋಕಾಗ್ತಿಲ್ಲ. ಅಮ್ಮ ನಿಮಗೆ ಅಂತಲೇ ಒಂದು ಲಕ್ಷ ಹೂಬತ್ತಿ ಹೊಸೆದು ಕೊಟ್ಟಿದಾರೆ.”